ಯಾರಿಗೆ ಅಂಜಿದರು, ಯಾರ ಮಾತು ಕೇಳಿದರು: ಇಸ್ರಾಯೇಲರ ಕಥೆಗಳನ್ನು ಕೂತು ಓದೋದು ಹೇಗೆ

ಮೊದಲು ಒಂದು ನೂರು ಪುಟದ ನೋಟ್‌ಬುಕ್ ತಗೊಳ್ಳಿ. ಪ್ರತಿ ಪುಟದ ಮಧ್ಯೆ ಒಂದು ಗೆರೆ ಎಳೆಯಿರಿ. ಎಡಗಡೆ ಮೇಲೆ ‘ಯಾರಿಗೆ ಅಂಜಿದರು’ ಅಂತ ಬರೆಯಿರಿ, ಬಲಗಡೆ ‘ಯಾರ ಮಾತು ಕೇಳಿದರು’ ಅಂತ. ತಯಾರಿ ಇಷ್ಟೇ. ದಪ್ಪ ವ್ಯಾಖ್ಯಾನದ ಪುಸ್ತಕ ಬೇಡ, ಮ್ಯಾಪ್ ಬೇಡ, ಪ್ರೊಜೆಕ್ಟರ್ ಅಂತೂ ಬೇಡವೇ ಬೇಡ. ಇಸ್ರಾಯೇಲರು ಐಗುಪ್ತದ (ಅಂದ್ರೆ ಈಜಿಪ್ಟಿನ) ಗುಲಾಮಗಿರಿಯಿಂದ ಹೊರಟು, ಮರಳುಗಾಡಿನಲ್ಲಿ ಅಲೆದು, ಕಾನಾನ್ ದೇಶ ಸೇರುವ ಕಥೆ ಬೈಬಲಿನ ಮೊದಲ ಪುಸ್ತಕಗಳಲ್ಲಿ ಇದೆಯಲ್ಲ, ಅದನ್ನು ನಾಲ್ಕೈದು ಜನ ಸೇರಿ ಓದಬೇಕು ಅಂತ ಮನಸ್ಸಿದ್ದರೆ ಈ ಎರಡು ಕಾಲಂ ಸಾಕು.

ನಾನು ಇದನ್ನು ಕಲಿತದ್ದು ಒಂದು ಸಲ ಕೆಡಿಸಿಕೊಂಡ ಮೇಲೆ. ಸಿಂಧನೂರಿನ ಕಡೆ ಒಂದು ಕ್ಯಾಂಪು ನಮ್ಮದು. ಭಾನುವಾರ ಸಂಜೆ ನಮ್ಮ ಮನೆ ಪಡಸಾಲೆಯಲ್ಲಿ ಏಳೆಂಟು ಜನ ಸೇರುತ್ತೇವೆ. ಅರ್ಧ ಜನ ಚರ್ಚಿಗೆ ಹೋಗುವವರು, ಉಳಿದವರು ಸುಮ್ನೆ ಕಥೆ ಕೇಳೋಕೆ ಬರುವವರು. ಮೊದಲ ಸಲ ನಾನು ಸಿನಾಯಿ ಬೆಟ್ಟದಲ್ಲಿ ದೇವರು ಇಸ್ರಾಯೇಲರಿಗೆ ಕೊಟ್ಟ ಹತ್ತು ಆಜ್ಞೆಗಳಿಂದ ಶುರು ಮಾಡಿದೆ. ವಾರಕ್ಕೊಂದು ಆಜ್ಞೆ, ಕೊನೆಗೆ ಪ್ರಶ್ನೆ ಕೇಳೋದು, ಥೇಟ್ ಟ್ಯೂಷನ್. ಮೂರನೇ ವಾರಕ್ಕೆ ಉಳಿದವರು ನಾನು, ನಮ್ಮ ಮನೆಯವರು, ಮತ್ತೆ ಪಕ್ಕದ ಮನೆ ಅಮ್ಮ. ಆ ಅಮ್ಮ ಲಿಂಗಾಯತರು, ಬೆಳಗ್ಗೆ ಪೂಜೆ ಆಗದೆ ನೀರೂ ಮುಟ್ಟಲ್ಲ. ಅವರೇ ಕೇಳಿದ್ದು: “ಇಷ್ಟು ಅಂಜಿಸೋ ದೇವ್ರನ್ನ ಆ ಮಂದಿ ಯಾಕ ನಂಬಿದ್ರು ರೀ?” ನನ್ನ ಹತ್ತಿರ ಉತ್ತರ ಇರಲಿಲ್ಲ. ಹುಡುಕೋಕೆ ಹೋದಾಗ ಈ ನೋಟ್‌ಬುಕ್ಕಿನ ದಾರಿ ಸಿಕ್ಕಿತು.

ಮೊದಲ ಸಂಜೆ ಬರೀ ಮೂರು ಪದ

ಕಥೆಗೆ ಇಳಿಯೋ ಮೊದಲು ಒಂದು ಸಂಜೆ ಪದಗಳಿಗೆ ಇಡಿ. ಹೀಬ್ರೂ ಬರಬೇಕಿಲ್ಲ, ನಮ್ಮ ಕಡೆ ಕನ್ನಡ ಬಂದರೆ ಸಾಕು. ನಿಜ ಹೇಳಬೇಕಂದ್ರೆ ಇಂಗ್ಲಿಷಿನಲ್ಲಿ ಓದುವವರಿಗಿಂತ ನಮಗೇ ಇದು ಸಲೀಸು.

ಮೊದಲನೆಯದು ‘ಯಿರಾ’. ಹೆದರಿಕೆ ಅಂತ ಅರ್ಥ. ಬೆನ್ನಟ್ಟಿ ಬರುವ ಸೈನ್ಯ ಕಂಡಾಗ ಆಗೋದಕ್ಕೂ ಅದೇ ಪದ, ದೇವರ ಮುಂದೆ ನಿಂತಾಗ ಆಗೋದಕ್ಕೂ ಅದೇ ಪದ. ಇದಕ್ಕೆ ನಮ್ಮ ರಾಯಚೂರು ಕಡೆ ಮಾತಿನಲ್ಲಿ ಅಳತೆ ತೆಗೆದು ಹೊಲಿದಂಥ ಪದ ಇದೆ: ಅಂಜಿಕೆ. ನಾಯಿಗೂ ಅಂಜ್ತೀವಿ, ಸಾಲ ಕೊಟ್ಟವನಿಗೂ ಅಂಜ್ತೀವಿ, ‘ಹಿರಿಯರಿಗೆ ಅಂಜಿ ನಡಿ’ ಅಂತಲೂ ಹೇಳ್ತೀವಿ. ಆ ಕೊನೆಯ ಮಾತಿನಲ್ಲಿ ಅಂಜು ಅಂದ್ರೆ ನಡುಗು ಅಂತ ಅಲ್ಲ. ನಡುಕ ಚೂರೂ ಇಲ್ಲ ಅಂತಲೂ ಅಲ್ಲ. ಕನ್ನಡ ಬೈಬಲಿನಲ್ಲಿ ಎಷ್ಟೋ ಕಡೆ ‘ಭಯಭಕ್ತಿ’ ಅಂತ ಹಾಕಿದ್ದಾರೆ. ಒಳ್ಳೇ ಪದವೇ, ಆದರೆ ಇಸ್ತ್ರಿ ಮಾಡಿದ ಪದ. ಜೋರಾಗಿ ಓದುವಾಗ ಅಲ್ಲಿ ‘ಅಂಜಿಕೆ’ ಇಟ್ಟು ಒಂದು ಸಲ ಓದಿ ನೋಡಿ, ಸಾಲು ಬಿಸಿ ಆಗುತ್ತದೆ.

ಎರಡನೆಯದು ‘ಶಮಾ’. ಕೇಳು ಅಂತ. ಬೈಬಲಿನ ಧರ್ಮೋಪದೇಶಕಾಂಡ ಅನ್ನೋ ಪುಸ್ತಕದ 6ನೇ ಅಧ್ಯಾಯದ 4ನೇ ವಚನ ‘ಇಸ್ರಾಯೇಲೇ, ಕೇಳು’ ಅಂತ ಶುರುವಾಗುತ್ತದೆ. ಯೆಹೂದ್ಯರು ಇವತ್ತಿಗೂ ಬೆಳಗ್ಗೆ ಸಂಜೆ ಅದನ್ನು ಹೇಳುತ್ತಾರೆ, ಆ ಪ್ರಾರ್ಥನೆಯ ಹೆಸರೇ ‘ಶೆಮಾ’. ವಿಷಯ ಏನಂದ್ರೆ, ‘ವಿಧೇಯನಾಗು’ ಅನ್ನೋ ಜಾಗದಲ್ಲೂ ಹಳೆ ಹೀಬ್ರೂ ಬಳಸೋದು ಇದೇ ಪದವನ್ನು. ಕೇಳೋದು ಅಂದ್ರೇನೇ ನಡೆಯೋದು. ಇಂಗ್ಲಿಷಿನವರಿಗೆ ಇದನ್ನು ಬಿಡಿಸಿ ಹೇಳೋಕೆ ಅರ್ಧ ಪುಟ ಬೇಕು. ನಮಗೆ ಬೇಡ. “ಈ ಹುಡುಗ ಮಾತೇ ಕೇಳಲ್ಲ” ಅಂದ್ರೆ ಕಿವುಡ ಅಂತ ಯಾರಾದರೂ ತಿಳಿಯುತ್ತಾರಾ?

ಇಲ್ಲಿ ಒಂದು ಪಕ್ಕದ ಮಾತು ಹೇಳಲೇಬೇಕು. ಬಳ್ಳಾರಿ ಜಿಲ್ಲೆಯ ನಿಟ್ಟೂರು, ಉಡೇಗೊಳಂ ಬಂಡೆಗಳ ಮೇಲೆ ಅಶೋಕನ ಶಾಸನಗಳಿವೆ. ತಾಯಿ ತಂದೆಯ ಮಾತು ಕೇಳಿ ನಡೆಯಬೇಕು ಅಂತ ಹೇಳುವಾಗ ಆ ಕಾಲದ ಪ್ರಾಕೃತ ಬಳಸೋದು ಸಂಸ್ಕೃತದ ‘ಶುಶ್ರೂಷೆ’ಯ ರೂಪವನ್ನೇ. ಅದರ ಮೂಲ ಅರ್ಥ ‘ಕೇಳಬೇಕು ಅನ್ನೋ ಆಸೆ’. ನಾವು ಅದನ್ನು ಆಸ್ಪತ್ರೆಗೆ ಸೇರಿಸಿಬಿಟ್ಟೆವು. ಅಲ್ಲಿ ಸಿನಾಯಿ ಬೆಟ್ಟದ ಕಥೆ, ಇಲ್ಲಿ ಸಿರುಗುಪ್ಪದ ಕಡೆ ಬಂಡೆ. ಎರಡು ಕಡೆಯೂ ದೊಡ್ಡವರು ಜನರ ಹತ್ತಿರ ಕೇಳಿದ್ದು ಕಿವಿಯನ್ನೇ.

ಮೂರನೆಯದು ‘ಎಮುನಾ’, ನಂಬಿಕೆ. ಪ್ರಾರ್ಥನೆ ಮುಗಿದಾಗ ಅನ್ನೋ ‘ಆಮೆನ್’ ಇದೇ ಬೇರಿನದು. ಮನಸ್ಸಿನಲ್ಲಿ ಒಪ್ಪಿಕೊಳ್ಳೋದಕ್ಕಿಂತ ಅಲುಗಾಡದೆ ನಿಲ್ಲೋದು ಇದರಲ್ಲಿ ಜಾಸ್ತಿ. ‘ನಂಬಿಕಸ್ಥ ಮನುಷ್ಯ’ ಅಂತೀವಲ್ಲ, ಆ ನಂಬಿಕೆ. ಇದನ್ನು ತೋರಿಸೋಕೆ ಬೈಬಲಿನ ಎರಡನೇ ಪುಸ್ತಕ ವಿಮೋಚನಕಾಂಡದ 17ನೇ ಅಧ್ಯಾಯ ತೆಗೆಯಿರಿ. ಅಮಾಲೇಕ್ಯರು ಅನ್ನೋ ಜನರ ಜೊತೆ ಇಸ್ರಾಯೇಲರ ಯುದ್ಧ. ಇವರ ನಾಯಕ ಮೋಶೆ ಗುಡ್ಡದ ಮೇಲೆ ಕೈ ಎತ್ತಿ ನಿಂತರೆ ಇವರಿಗೆ ಜಯ, ಕೈ ಇಳಿದರೆ ಅವರಿಗೆ. ಮುದುಕನ ಕೈ ಎಷ್ಟು ಹೊತ್ತು ನಿಂತೀತು? ಒಂದು ಕಲ್ಲಿನ ಮೇಲೆ ಕೂರಿಸಿ ಅವನ ಅಣ್ಣ ಆರೋನ ಒಂದು ಕೈ, ಹೂರ ಒಂದು ಕೈ ಹಿಡಿದರು. ಹೊತ್ತು ಮುಳುಗೋ ತನಕ ಅವನ ಕೈ ‘ಎಮುನಾ’ ಆಗಿತ್ತು ಅಂತ ಬರೆದಿದೆ.

ಇದನ್ನು ಓದಿ ಬಿಡಬೇಡಿ, ಮಾಡಿ ನೋಡಿ. ನಾವು ಟ್ರಾಕ್ಟರ್ ಓಡಿಸೋ ಹುಡುಗನ ಕೈಗೆ ಒನಕೆ ಕೊಟ್ಟು ಮೇಲೆತ್ತಿ ನಿಲ್ಲಿಸಿದೆವು. ಗಟ್ಟಿ ಆಳು. ನಾಲ್ಕು ನಿಮಿಷ ಆಗೋದರೊಳಗೆ ಮೊಣಕೈ ಮಡಚಿತು. ಅಕ್ಕಪಕ್ಕ ಇಬ್ಬರು ಹಿಡಿದ ಮೇಲೆ ನಗುತ್ತಾ ನಿಂತ. ನಂಬಿಕೆ ಅಂದ್ರೆ ಒಬ್ಬನೇ ಹಲ್ಲು ಕಚ್ಚಿ ಮಾಡೋ ಕೆಲಸ ಅಂತ ಅಂದುಕೊಂಡಿದ್ದ ನನಗೇ ಅವತ್ತು ಬೇರೆ ಥರ ಕಂಡಿತು.

ಕಥೆ ಎಲ್ಲಿಂದ ಶುರು ಮಾಡೋದು

ಸಮುದ್ರ ಸೀಳಿದ ಕಥೆಯಿಂದ ಬೇಡ. ವಿಮೋಚನಕಾಂಡದ ಮೊದಲ ಅಧ್ಯಾಯದಿಂದ ಶುರು ಮಾಡಿ. ಶಿಫ್ರಾ, ಪೂವಾ ಅಂತ ಇಬ್ಬರು ಸೂಲಗಿತ್ತಿಯರು. ಇಬ್ರಿಯರ, ಅಂದ್ರೆ ಇಸ್ರಾಯೇಲರ ಮನೆಯಲ್ಲಿ ಗಂಡು ಹುಟ್ಟಿದರೆ ಕೊಂದುಬಿಡಿ ಅಂತ ಐಗುಪ್ತದ ರಾಜ ಫರೋಹನ ಅಪ್ಪಣೆ. ಇವರು ದೇವರಿಗೆ ಅಂಜಿ ಮಕ್ಕಳನ್ನು ಉಳಿಸಿದರು. ಯಾಕೆ ಹೀಗೆ ಮಾಡಿದಿರಿ ಅಂತ ರಾಜ ಕರೆಸಿ ಕೇಳಿದರೆ, ಆ ಹೆಂಗಸರು ಭಾರಿ ಚುರುಕು, ನಾವು ಹೋಗೋದರೊಳಗೆ ಹೆತ್ತೇಬಿಟ್ಟಿರುತ್ತಾರೆ ಅಂತ ಜಾರಿಕೊಂಡರು. ನಮ್ಮ ಸಭೆಯಲ್ಲಿ ಒಬ್ಬ ಅಜ್ಜಿ ಇದ್ದಾರೆ, ಹಿಂದೆ ಊರಿನ ಎಷ್ಟೋ ಬಾಣಂತನ ಮಾಡಿದವರು. ಈ ಉತ್ತರ ಕೇಳಿ ಅವರು ಕನ್ನಡಕ ತೆಗೆದು ಕಣ್ಣು ಒರೆಸಿಕೊಂಡು ನಕ್ಕರು.

ಈಗ ನೋಟ್‌ಬುಕ್ ತುಂಬಿ. ಎಡಗಡೆ: ದೇವರಿಗೆ ಅಂಜಿದರು. ಬಲಗಡೆ: ರಾಜನ ಮಾತು ಕೇಳಲಿಲ್ಲ. ಇಡೀ ವಿಮೋಚನಕಾಂಡದಲ್ಲಿ ದೇವರಿಗೆ ಅಂಜಿದರು ಅನ್ನೋ ಮಾತು ಮೊದಲು ಬರೋದೇ ಒಂದು ಅವಿಧೇಯತೆಯ ಜೊತೆಗೆ. ‘ಅಂಜಿಕೆ ಅಂದ್ರೆ ತಲೆ ತಗ್ಗಿಸೋದು’ ಅಂತ ನಂಬಿಕೊಂಡು ಬಂದವರಿಗೆ ಇಲ್ಲೇ ಒಂದು ಜರ್ಕ್ ಹೊಡೆಯುತ್ತದೆ. ಹೊಡೆಯಲಿ. ನೀವು ಮಧ್ಯೆ ಬಾಯಿ ಹಾಕಬೇಡಿ.

ಆಮೇಲೆ 14ನೇ ಅಧ್ಯಾಯ, ಸಮುದ್ರ. ಮುಂದೆ ನೀರು, ಹಿಂದೆ ರಥಗಳು. ಜನ ಮೋಶೆಗೆ ಹೇಳಿದ ಮಾತು ನೋಡಿ: ಐಗುಪ್ತದಲ್ಲಿ ಸಮಾಧಿಗೆ ಜಾಗ ಇರಲಿಲ್ಲ ಅಂತ ಇಲ್ಲಿ ಸಾಯೋಕೆ ಕರ್ಕೊಂಡು ಬಂದೆಯಾ? ಸಾಯೋ ಹೊತ್ತಿನಲ್ಲೂ ಚುಚ್ಚು ಮಾತು ಬಿಡಲಿಲ್ಲ. ಮೋಶೆ ‘ಅಂಜಬೇಡಿ’ ಅಂದ. ದಾಟಿದ ಮೇಲೆ ಅಧ್ಯಾಯದ ಕೊನೆಯ ವಚನದಲ್ಲಿ, ಜನ ಯೆಹೋವನಿಗೆ ಅಂಜಿದರು, ಆತನನ್ನೂ ಆತನ ಸೇವಕ ಮೋಶೆಯನ್ನೂ ನಂಬಿದರು ಅಂತ ಇದೆ. ಅಂಜಿಕೆ, ನಂಬಿಕೆ ಎರಡೂ ಒಂದೇ ಉಸಿರಿನಲ್ಲಿ. ಶುರುವಿನಲ್ಲಿ ಅಂಜಿದ್ದು ಫರೋಹನಿಗೆ, ಕೊನೆಗೆ ಅಂಜಿದ್ದು ದೇವರಿಗೆ. ಅಂಜಿಕೆ ಎಲ್ಲೂ ಹೋಗಲಿಲ್ಲ, ಮುಖ ತಿರುಗಿಸಿತು ಅಷ್ಟೇ. ಪಕ್ಕದ ಮನೆ ಅಮ್ಮನ ಪ್ರಶ್ನೆಗೆ ನನಗೆ ಮೊದಲ ತುಂಡು ಉತ್ತರ ಸಿಕ್ಕಿದ್ದು ಇಲ್ಲೇ.

ನೀರು, ಮನ್ನ, ಕೊತ್ತಂಬರಿ ಕಾಳು

ಮುಂದಿನ ಅಧ್ಯಾಯಗಳಲ್ಲಿ ಜನ ಗುಣುಗುಟ್ಟುತ್ತಲೇ ಇರುತ್ತಾರೆ. ಮೂರು ದಿನ ನಡೆದರೂ ನೀರಿಲ್ಲ, ಸಿಕ್ಕ ಮಾರಾದ ನೀರು ಕಹಿ. ಇಲ್ಲಿ ಓದುವವರು ಸಾಮಾನ್ಯವಾಗಿ ಮಾಡೋ ತಪ್ಪು ಒಂದಿದೆ: ‘ಇಷ್ಟೆಲ್ಲಾ ಅದ್ಭುತ ನೋಡಿಯೂ ನಂಬಲಿಲ್ಲ ನೋಡಿ, ಎಂಥಾ ಜನ’ ಅಂತ ನಗೋದು. ನಗೋ ಮೊದಲು ನಮ್ಮ ಕಡೆಯದೇ ಒಂದು ವಾರ ನೆನಪು ಮಾಡಿಸಿ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಡ್ಯಾಮಿನ 19ನೇ ಗೇಟಿನ ಚೈನು ಕಡಿದು ಗೇಟು ಕೊಚ್ಚಿಕೊಂಡು ಹೋಯಿತಲ್ಲ, ತುಂಬಿದ ಡ್ಯಾಮಿನ ನೀರು ಕಣ್ಣ ಮುಂದೆಯೇ ಹರಿದು ಹೋಗ್ತಾ ಇದ್ದಾಗ ನಾವು ಏನೇನು ಮಾತಾಡಿದೆವು? ನಾಟಿ ಆಗಿತ್ತು, ಗೊಬ್ಬರಕ್ಕೆ ಸಾಲ ಆಗಿತ್ತು, ಕಾಲುವೆ ಕೊನೆಯ ರೈತನಿಗಂತೂ ನಿದ್ದೆ ಇಲ್ಲ. ತಾತ್ಕಾಲಿಕ ಗೇಟು ಕೂರೋ ತನಕ ನಮ್ಮ ಓಣಿಯಲ್ಲಿ ಬೈಸಿಕೊಳ್ಳದ ದೇವರೇ ಇರಲಿಲ್ಲ. ನೀರಿನ ಅಂಜಿಕೆ ಅಂದ್ರೆ ಅದು. ಇಷ್ಟು ನೆನಪು ಮಾಡಿಸಿದ ಮೇಲೆ ಇಸ್ರಾಯೇಲರ ಮೇಲೆ ಯಾರೂ ನಗಲ್ಲ.

ಈಗ 16ನೇ ಅಧ್ಯಾಯ. ಇದಕ್ಕೆ ಒಂದು ಪೂರ್ತಿ ಸಂಜೆ ಕೊಡಿ, ಅವಸರ ಬೇಡ. ಬೆಳಗ್ಗೆ ಮಂಜು ಆರಿದ ಮೇಲೆ ನೆಲದ ಮೇಲೆ ಏನೋ ಸಣ್ಣಗೆ ಬೆಳ್ಳಗೆ ಬಿದ್ದಿದೆ. ಜನ ‘ಮಾನ್ ಹು?’ ಅಂದರು, ಇದೇನು ಅಂತ. ಹೆಸರು ಅದೇ ಆಯಿತು, ಮನ್ನ. ಕೊತ್ತಂಬರಿ ಕಾಳಿನ ಹಾಗಿತ್ತು, ಜೇನು ಹಾಕಿದ ದೋಸೆಯಂಥ ರುಚಿ ಅಂತ ಬರೆದಿದೆ. ಅರಣ್ಯಕಾಂಡ 11ರಲ್ಲಿ ಇನ್ನೂ ವಿವರ ಸಿಗುತ್ತದೆ: ಬೀಸುಕಲ್ಲಿನಲ್ಲಿ ಬೀಸ್ತಿದ್ದರು, ಒರಳಲ್ಲಿ ಕುಟ್ಟುತ್ತಿದ್ದರು, ಗಡಿಗೆಯಲ್ಲಿ ಬೇಯಿಸಿ ರೊಟ್ಟಿ ಮಾಡ್ತಿದ್ದರು. ಒಂದು ಬೊಗಸೆ ಕೊತ್ತಂಬರಿ ಕಾಳನ್ನು ನೆಲದ ಮೇಲೆ ಚೆಲ್ಲಿ ಮಕ್ಕಳಿಗೆ ಆರಿಸೋಕೆ ಹೇಳಿ. ನಮ್ಮ ಮನೆಯಲ್ಲಿ ಮೂರು ಮಕ್ಕಳು ಬಗ್ಗಿ ಆರಿಸಿದರು, ಹತ್ತು ನಿಮಿಷಕ್ಕೆ ಅರ್ಧ ಲೋಟ ಆಗಲಿಲ್ಲ, ಸೊಂಟ ನೋವು ಅಂತ ಕೂತುಬಿಟ್ಟರು. ತಲೆಗೆ ಒಂದು ಓಮೆರ್ ಅಂತ ಲೆಕ್ಕ. ಒಂದು ಓಮೆರ್ ಹತ್ತಿರ ಹತ್ತಿರ ಎರಡು ಲೀಟರ್ ಅಂತ ಇಟ್ಟುಕೊಳ್ಳಿ. ಆಕಾಶದಿಂದ ಬಿದ್ದ ಊಟ ಅಂದ್ರೂ ದಿನಾ ಬಗ್ಗಲೇಬೇಕಿತ್ತು.

ನಿಯಮ ಎರಡೇ. ಅವತ್ತಿನದು ಅವತ್ತೇ ಮುಗಿಸಬೇಕು, ನಾಳೆಗೆ ಇಡಬಾರದು. ಆರನೇ ದಿನ ಮಾತ್ರ ಎರಡರಷ್ಟು ಕೂಡಿಸಬೇಕು, ಏಳನೇ ದಿನ ಹೊರಗೆ ಹೋಗಬಾರದು. ಕೆಲವರು ಇಟ್ಟರು, ಹುಳ ಬಿದ್ದು ನಾತ ಹೊಡೆಯಿತು. ಕೆಲವರು ಏಳನೇ ದಿನವೂ ಹೋದರು, ಏನೂ ಸಿಗಲಿಲ್ಲ. ಇದರಲ್ಲಿ ಕತ್ತಿ ಇಲ್ಲ, ಬೆಂಕಿ ಇಲ್ಲ, ಯಾರೂ ಸಾಯಲಿಲ್ಲ. ಬರೀ ಡಬ್ಬಿ ತೊಳೆಯೋ ಕೆಲಸ. ವಿಧೇಯತೆಯ ಪಾಠ ಇಷ್ಟು ಸಣ್ಣದಾಗಿ, ಅಡುಗೆಮನೆ ಮಟ್ಟದಲ್ಲಿ ಶುರುವಾಗಿದ್ದು ನನಗೆ ಬಹಳ ಹಿಡಿಸಿತು.

ಆದರೆ ಒಂದು ತಕರಾರು ಬರುತ್ತದೆ, ಬರಲೇಬೇಕು. ನಮ್ಮಲ್ಲಿ ಬಂತು. ಅಜ್ಜಿಯೇ ಕೇಳಿದರು: “ನಾಳಿಗೆ ಇಡಬ್ಯಾಡ ಅಂದ್ರ ಹೆಂಗ? ನಾವು ವರ್ಷದ ಜೋಳ ಹಗೇವಿಗೆ ಹಾಕಿದವರು.” ಬರ ಕಂಡ ಸೀಮೆಯ ಹೆಂಗಸಿಗೆ ಕೂಡಿಡೋದು ದುರಾಸೆ ಅಲ್ಲ, ಬುದ್ಧಿ. ಇದಕ್ಕೆ ಚಂದದ ಉತ್ತರ ಕೊಡೋಕೆ ಹೋಗಬೇಡಿ. ಗುಲಾಮರಾಗಿ ಇಟ್ಟಿಗೆ ಹೊತ್ತು, ಐಗುಪ್ತದ ಉಗ್ರಾಣ ಪಟ್ಟಣಗಳನ್ನು ಕಟ್ಟಿದ ಜನ ಇವರು, ಬೇರೆಯವರ ಹಗೇವು ತುಂಬಿಸಿದವರು ಅಂತ ಮೊದಲ ಅಧ್ಯಾಯದ 11ನೇ ವಚನ ತೋರಿಸಿ, ಸುಮ್ಮನಾಗಿ. ಮಾತು ತಾನೇ ಮುಂದೆ ಹೋಗುತ್ತದೆ.

ಸಿನಾಯಿ ಬೆಟ್ಟ, ಒಂದೇ ವಚನ

ಬೆಟ್ಟದ ಹತ್ತಿರ ಬಂದಾಗ ಹತ್ತು ಆಜ್ಞೆಗಳ ಮೇಲೆ ಬೀಳಬೇಡಿ, ನಾನು ಬಿದ್ದ ಗುಂಡಿ ಅದು. ಆಜ್ಞೆಗಳಾದ ಮೇಲೆ ಬರೋ 20ನೇ ಅಧ್ಯಾಯದ 20ನೇ ವಚನಕ್ಕೆ ಹೋಗಿ. ಗುಡುಗು, ಹೊಗೆ, ಕಹಳೆ ಸದ್ದು. ಜನ ನಡುಗಿ ದೂರ ನಿಂತಿದ್ದಾರೆ, ನೀನೇ ಮಾತಾಡು, ದೇವರು ಮಾತಾಡಿದರೆ ಸತ್ತೇಹೋಗ್ತೀವಿ ಅಂತ ಮೋಶೆಗೆ ಹೇಳ್ತಾರೆ. ಅವನ ಉತ್ತರದ ಸಾರ: ಅಂಜಬೇಡಿ, ಆತನ ಅಂಜಿಕೆ ನಿಮ್ಮ ಮುಂದೆ ಇದ್ದು ನೀವು ಪಾಪ ಮಾಡದೆ ಇರಲಿ ಅಂತಲೇ ದೇವರು ಬಂದಿದ್ದಾನೆ. ಅಂಜಬೇಡಿ, ಅಂಜಿಕೆ ಇರಲಿ. ಹೀಬ್ರೂದಲ್ಲಿ ಎರಡಕ್ಕೂ ಬೇರು ಒಂದೇ. ಒಂದೇ ವಚನದಲ್ಲಿ ಬೇಡ ಅಂತಲೂ ಇದೆ, ಬೇಕು ಅಂತಲೂ ಇದೆ.

ಇದನ್ನು ಎಲ್ಲರ ಕೈಯಲ್ಲೂ ಒಂದೊಂದು ಸಲ ಓದಿಸಿ, ಏನನ್ನಿಸಿತು ಅಂತ ಕೇಳಿ. ಟ್ರಾಕ್ಟರ್ ಹುಡುಗ ಹೇಳಿದ್ದು ನನಗೆ ಇನ್ನೂ ನೆನಪಿದೆ. ಅವನಿಗೆ ಟ್ರಾಕ್ಟರ್ ಕಲಿಸಿದ್ದು ಅವರ ಮಾವ. ಗಾಡಿಗೆ ಹೆದರಿದರೆ ಸ್ಟೇರಿಂಗ್ ಸಿಗಲ್ಲ, ಗಾಡಿಗೆ ಅಂಜದೆ ಇದ್ದರೆ ಕಾಲುವೆ ಏರಿ ಮೇಲಿಂದ ಕೆಳಗೆ ಹೋಗ್ತೀಯ ಅಂತ ಮಾವ ಹೇಳಿದ್ದನಂತೆ. ಅವನ ಮಾತಿನಲ್ಲಿ ‘ಹೆದರೋದು’ ಬೇರೆ, ‘ಅಂಜೋದು’ ಬೇರೆ. ಎಷ್ಟೋ ಪ್ರಸಂಗ ಕೇಳಿದ ನನಗೆ ಆ ವಚನ ಬಿಡಿಸಿದ್ದು ಏಳನೇ ಕ್ಲಾಸ್ ಓದಿದ ಡ್ರೈವರ್.

ಬಂಗಾರದ ಕರುವಿನ ಕಥೆಗೆ ಅರ್ಧ ಗಂಟೆ ಸಾಕು. 24ನೇ ಅಧ್ಯಾಯದಲ್ಲಿ ‘ಹೇಳಿದ್ದೆಲ್ಲಾ ಮಾಡ್ತೀವಿ, ಕೇಳ್ತೀವಿ’ ಅಂತ ಒಂದೇ ದನಿಯಲ್ಲಿ ಒಪ್ಪಿದ ಜನ, ಮೋಶೆ 40 ದಿನ ಕಾಣದೆ ಹೋದಾಗ ಕಿವಿಯ ಓಲೆ ಬಿಚ್ಚಿಕೊಟ್ಟು ಕರು ಮಾಡಿಸಿಕೊಂಡರು. ಆರೋನನ ಸಬೂಬು ಮಾತ್ರ ಬಿಡಬೇಡಿ: ಬಂಗಾರ ಬೆಂಕಿಗೆ ಹಾಕಿದೆ, ಈ ಕರು ಹೊರಗೆ ಬಂತು! ಅವನ ಕಾಲಂ ಮಾತ್ರ ಜಾಗ್ರತೆಯಿಂದ ತುಂಬಿ. ಅವನು ಅಂಜಿದ್ದು ಯಾರಿಗೆ?

ಮಿಡತೆಗಳು

ಅರಣ್ಯಕಾಂಡ 13 ಮತ್ತು 14 ಒಟ್ಟಿಗೆ ಓದಬೇಕು. ಹನ್ನೆರಡು ಜನ 40 ದಿನ ಕಾನಾನ್ ನೋಡಿ ಬಂದರು. ಎಷ್ಕೋಲ್ ಕಣಿವೆಯಿಂದ ಒಂದು ದ್ರಾಕ್ಷಿ ಗೊಂಚಲನ್ನು ಕೋಲಿಗೆ ಕಟ್ಟಿ ಇಬ್ಬರು ಹೊತ್ತು ತಂದರು, ಜೊತೆಗೆ ದಾಳಿಂಬೆ, ಅಂಜೂರ. ಕೊಪ್ಪಳ, ಕುಷ್ಟಗಿ ಕಡೆ ದಾಳಿಂಬೆ ಹಾಕಿದವರು ಯಾರಾದರೂ ಸಭೆಯಲ್ಲಿದ್ದರೆ ಅವರಿಗೆ ಬೇರೆ ವಿವರಣೆ ಬೇಡ, ಮಣ್ಣು ಎಂಥದ್ದು ಅಂತ ಹಣ್ಣು ನೋಡಿಯೇ ಹೇಳ್ತಾರೆ.

ಹತ್ತು ಜನ ಹೇಳಿದ್ದು: ಅಲ್ಲಿನ ಜನ ದೈತ್ಯರು, ನಮ್ಮ ಕಣ್ಣಿಗೆ ನಾವೇ ಮಿಡತೆಗಳ ಹಾಗೆ ಕಂಡೆವು, ಅವರ ಕಣ್ಣಿಗೂ ಹಾಗೇ ಇದ್ದೆವು. ಇಲ್ಲಿ ನಿಲ್ಲಿಸಿ. ಅವರ ಕಣ್ಣಿಗೆ ಹೇಗೆ ಕಂಡೆವು ಅಂತ ಇವರಿಗೆ ಹೇಗೆ ಗೊತ್ತಾಯಿತು? ಯಾರೂ ಕೇಳಿಲ್ಲ. ಮೊದಲು ತಮ್ಮ ಕಣ್ಣಿಗೆ ತಾವೇ ಚಿಕ್ಕವರಾದರು, ಉಳಿದಿದ್ದನ್ನು ಕಲ್ಪಿಸಿಕೊಂಡರು. ಕಾಲೇಬ, ಯೆಹೋಶುವ ಇಬ್ಬರೇ ‘ಅವರು ನಮಗೆ ರೊಟ್ಟಿ ಇದ್ದ ಹಾಗೆ, ಅಂಜಬೇಡಿ’ ಅಂದವರು. ಜನ ಅವರ ಮೇಲೆ ಕಲ್ಲು ಎತ್ತಿದರು, ಹೊಸ ನಾಯಕನನ್ನು ಆರಿಸಿ ಐಗುಪ್ತಕ್ಕೆ ವಾಪಸ್ ಹೋಗೋಣ ಅಂದರು. ಒಂದು ದಿನಕ್ಕೆ ಒಂದು ವರ್ಷದಂತೆ 40 ವರ್ಷ ಅಲೆಯಬೇಕು ಅಂತ ತೀರ್ಪು ಬಂತು.

ಬಹಳ ಜನ ಇಲ್ಲಿಗೆ ಪುಸ್ತಕ ಮುಚ್ಚುತ್ತಾರೆ. ಮುಚ್ಚಬೇಡಿ, 14ರ ಕೊನೆಯ ಆರು ವಚನ ಇನ್ನೂ ಇದೆ. ತೀರ್ಪು ಕೇಳಿ ಅತ್ತ ಜನ ಮರುದಿನ ಬೆಳಗ್ಗೆಯೇ ಎದ್ದು, ತಪ್ಪಾಯಿತು, ಈಗ ಹೋಗ್ತೀವಿ ಅಂತ ಬೆಟ್ಟ ಹತ್ತಿದರು. ಬೇಡ ಅಂದರೂ ಹತ್ತಿದರು, ಹೊಡೆಸಿಕೊಂಡು ಬಂದರು. ಹೋಗು ಅಂದಾಗ ಅಂಜಿ ಕೂತವರು, ಬೇಡ ಅಂದಾಗ ಧೈರ್ಯ ತೋರಿಸಿದರು. ಈ ಪುಟದ ಬಲ ಕಾಲಂ ತುಂಬೋದು ಕಷ್ಟ. ನಮ್ಮ ನೋಟ್‌ಬುಕ್ಕಿನಲ್ಲಿ ಅಲ್ಲಿ ಮೂರು ಸಲ ಹೊಡೆದು ಹಾಕಿ ಬರೆದ ಗುರುತು ಇದೆ.

ಸೌಲ, ಮತ್ತೆ ಬಾಯಿ ಮುಚ್ಚಿಸೋ ಭಾಗಗಳು

ನೂರಾರು ವರ್ಷ ದಾಟಿ 1 ಸಮುವೇಲ 15ಕ್ಕೆ ಬನ್ನಿ. ಅಮಾಲೇಕ್ಯರದೆಲ್ಲವನ್ನೂ ನಾಶ ಮಾಡು ಅಂತ ದೇವರ ಅಪ್ಪಣೆ. ರಾಜ ಸೌಲ ಒಳ್ಳೊಳ್ಳೆ ಕುರಿ ದನ ಉಳಿಸಿಕೊಂಡು, ಹೇಳಿದ ಹಾಗೇ ಮಾಡಿದೆ ಅಂತ ಪ್ರವಾದಿ ಸಮುವೇಲನ ಎದುರು ಬಂದ. ಹಾಗಾದ್ರೆ ನನ್ನ ಕಿವಿಗೆ ಬೀಳ್ತಿರೋ ಈ ಕುರಿಗಳ ಸದ್ದು ಏನು ಅಂತ ಸಮುವೇಲ ಕೇಳ್ತಾನೆ. ಹಟ್ಟಿ ಇರೋ ಮನೆಯವರು ಈ ಸಾಲಿಗೆ ನಗದೆ ಇರಲ್ಲ. ‘ಬಲಿಗಿಂತ ಮಾತು ಕೇಳೋದು ಮೇಲು’ ಅನ್ನೋ ಪ್ರಸಿದ್ಧ ಮಾತು ಬರೋದು ಇಲ್ಲೇ. ನನಗೆ ಅದಕ್ಕಿಂತ 24ನೇ ವಚನ ದೊಡ್ಡದು. ಸೌಲ ತಪ್ಪೊಪ್ಪಿಕೊಂಡು ಹೇಳ್ತಾನೆ: ಜನರಿಗೆ ಅಂಜಿ ಅವರ ಮಾತು ಕೇಳಿದೆ. ನಮ್ಮ ನೋಟ್‌ಬುಕ್ಕಿನ ಎರಡೂ ಕಾಲಮ್ಮಿನ ಹೆಸರು ಅವನ ಬಾಯಲ್ಲೇ ಬಂದುಬಿಟ್ಟಿತು! ‘ದೇವರಿಗೆ ಅಂಜದಿದ್ರೂ ಜನಕ್ಕೆ ಅಂಜಬೇಕು’ ಅಂತ ನಮ್ಮಲ್ಲಿ ಹೇಳ್ತಾರಲ್ಲ, ಸೌಲ ಅದನ್ನೇ ಮಾಡಿ ಕೆಟ್ಟ.

ಆದರೆ ಅದೇ ಅಧ್ಯಾಯದಲ್ಲಿ ಹೆಂಗಸರು, ಮೊಲೆ ಕುಡಿಯೋ ಕೂಸುಗಳನ್ನೂ ಬಿಡಬೇಡಿ ಅಂತ ಅಪ್ಪಣೆ ಇದೆ. ಇದನ್ನು ಹಾರಿಸಿ ಓದಬೇಡಿ. ಯಾರಾದರೂ ಓದಿಯೇ ಓದುತ್ತಾರೆ, ನೀವು ಮುಚ್ಚಿಟ್ಟಿರಿ ಅಂತ ಆಗುತ್ತದೆ. ಸೂಲಗಿತ್ತಿಯರು ಯಾವುದಕ್ಕೆ ಒಪ್ಪಲಿಲ್ಲವೋ ಹತ್ತಿರ ಹತ್ತಿರ ಅದೇ ಇಲ್ಲಿ ಅಪ್ಪಣೆಯಾಗಿ ಬಂದಿದೆ ಅಂತ ನಮ್ಮ ಅಜ್ಜಿ ತಟ್ಟನೆ ಹೇಳಿದರು. ಆ ಕಾಲದ ಯುದ್ಧಗಳೇ ಹಾಗೆ ಅಂತ ನಾನು ಏನೋ ಹೇಳೋಕೆ ಹೋದೆ, ನನಗೇ ಸಪ್ಪೆ ಅನ್ನಿಸಿತು. ಆದಿಕಾಂಡ 22ರಲ್ಲಿ ಇಸ್ರಾಯೇಲರ ಮೂಲಪುರುಷ ಅಬ್ರಹಾಮ ಮಗನನ್ನು ಬಲಿಗೆ ಕರ್ಕೊಂಡು ಹೋಗೋದೂ ಹೀಗೇ. ‘ನೀನು ದೇವರಿಗೆ ಅಂಜುವವನು ಅಂತ ಈಗ ಗೊತ್ತಾಯಿತು’ ಅನ್ನೋ ಮಾತು ಅಲ್ಲಿದೆ. ಸೊದೋಮ್ ಊರು ಉಳಿಸೋಕೆ 18ನೇ ಅಧ್ಯಾಯದಲ್ಲಿ 50 ಜನರಿಂದ ಶುರು ಮಾಡಿ 10 ಜನರ ತನಕ ಸಂತೆಯ ಹಾಗೆ ಚೌಕಾಸಿ ಮಾಡಿದ ಅದೇ ಅಬ್ರಹಾಮ, ಸ್ವಂತ ಮಗನ ವಿಷಯಕ್ಕೆ ಒಂದು ಮಾತೂ ಆಡಲ್ಲ. ಯಾಕೆ? ಈ ಎರಡು ಅಧ್ಯಾಯ ಎದುರುಬದುರು ಇಟ್ಟು ಓದಿಸಿ, ಕಾಲಂ ಖಾಲಿ ಬಿಡಿ. ಎಲ್ಲ ಪುಟ ತುಂಬಲೇಬೇಕು ಅಂತ ಇಲ್ಲ.

ಇತಿಹಾಸ ಕೇಳುವವರಿಗೆ

ಕಾಲೇಜಿಗೆ ಹೋಗೋ ಒಬ್ಬ ಹುಡುಗ ಇದ್ದೇ ಇರುತ್ತಾನೆ, ‘ಇದೆಲ್ಲಾ ನಡೆದದ್ದಾ?’ ಅಂತ ಕೇಳುತ್ತಾನೆ. ಗದರಿಸಬೇಡಿ. ಬೈಬಲಿನ ಹೊರಗೆ ಇಸ್ರಾಯೇಲ್ ಅನ್ನೋ ಜನರ ಹೆಸರು ಸಿಗೋ ಅತಿ ಹಳೆಯ ಬರಹ ಐಗುಪ್ತದ ರಾಜ ಮೆರ್ನೆಪ್ತಾನ ಕಲ್ಲು, ಕ್ರಿಸ್ತಪೂರ್ವ 1208ರ ಸುಮಾರಿನದು, 1896ರಲ್ಲಿ ಸಿಕ್ಕಿತು. ಅಂದ್ರೆ ಆಗಲೇ ಆ ಹೆಸರಿನ ಜನ ಕಾನಾನ್‌ನಲ್ಲಿ ಇದ್ದರು. ಲಕ್ಷಾಂತರ ಜನ ಮರಳುಗಾಡು ದಾಟಿದ ಗುರುತು ಮಾತ್ರ ಅಗೆತದಲ್ಲಿ ಸಿಕ್ಕಿಲ್ಲ. ಇದನ್ನು ನೇರವಾಗಿ ಹೇಳಿ.

ಇನ್ನೊಂದು ವಿಷಯ ಕೇಳಿದರೆ ಅವನು ಇನ್ನೂ ಕಿವಿ ನೆಟ್ಟಗೆ ಮಾಡುತ್ತಾನೆ. ಕ್ರಿಸ್ತಪೂರ್ವ 672ರಲ್ಲಿ ಅಸ್ಸೀರಿಯದ ರಾಜ ಎಸರ್‌ಹದ್ದೋನ್ ಕೈಕೆಳಗಿನವರ ಹತ್ತಿರ ಆಣೆ ಮಾಡಿಸಿದ ಒಪ್ಪಂದ ಸಿಕ್ಕಿದೆ. ನನ್ನ ಮಗನನ್ನು ನಿಮ್ಮ ಜೀವದಂತೆ ಪ್ರೀತಿಸಿ, ತಪ್ಪಿದರೆ ಶಾಪ. ಆ ಶಾಪಗಳಲ್ಲಿ ನೆಲ ಕಬ್ಬಿಣ ಆಗಲಿ, ಕಂಚಿನ ಆಕಾಶದಿಂದ ಮಳೆ ಬಾರದಿರಲಿ ಅಂತ ಇದೆ. ಧರ್ಮೋಪದೇಶಕಾಂಡ 28ರ 23ರಲ್ಲೂ ತಲೆ ಮೇಲೆ ಕಂಚಿನ ಆಕಾಶ, ಕಾಲ ಕೆಳಗೆ ಕಬ್ಬಿಣದ ನೆಲ. (ನಮ್ಮಲ್ಲಿ ಮೇ ತಿಂಗಳಲ್ಲಿ ಇದಕ್ಕೆ ಶಾಪ ಬೇಕಾಗಿಲ್ಲ ಅಂದರು ಅಜ್ಜಿ.) ದೊಡ್ಡ ರಾಜರು ಸಣ್ಣ ಜನರಿಂದ ಅಂಜಿಕೆ, ಪ್ರೀತಿ, ವಿಧೇಯತೆ ಎಲ್ಲ ಬರೆಸಿಕೊಳ್ತಿದ್ದ ಕಾಲ ಅದು. ಅದೇ ಭಾಷೆಯನ್ನು ಎತ್ತಿಕೊಂಡು ‘ಇದು ರಾಜನಿಗಲ್ಲ, ದೇವರಿಗೆ’ ಅಂತ ಬರೆದರೆ ರಾಜನ ಗತಿ ಏನು ಅಂತ ಆ ಹುಡುಗನಿಗೇ ಕೇಳಿ.

ಕೆಲಸಕ್ಕೆ ಬರೋ ನಾಲ್ಕು ಮಾತು

ನಾಟಿ ಮತ್ತು ಕೊಯ್ಲಿನ ವಾರಗಳಲ್ಲಿ ಇಡಬೇಡಿ, ಬಂದವರು ತೂಕಡಿಸ್ತಾರೆ. ಒಂದು ಸಂಜೆಗೆ ಒಂದು ಗಂಟೆ, ಅದರಲ್ಲಿ ಓದೋದು ಇಪ್ಪತ್ತು ನಿಮಿಷ. ಎರಡು ಅನುವಾದ ಕೈಯಲ್ಲಿರಲಿ. ಹಳೆಯದರಲ್ಲಿ ‘ಯೆಹೋವ’ ಅಂತ ಇರೋ ಕಡೆ ಹೊಸ ಅನುವಾದ ಒಂದರಲ್ಲಿ ‘ಸರ್ವೇಶ್ವರ’ ಅಂತ ಇದೆ, ಜಗಳ ಬೇಡ, ಎರಡೂ ಓದಿಸಿ. ಹಾಗೇ ಒಂದು ಹೆಮ್ಮೆಯ ಮಾತು: ಬೈಬಲನ್ನು ಕನ್ನಡಕ್ಕೆ ತರೋ ಕೆಲಸ ನಡೆದದ್ದು ನಮ್ಮ ಪಕ್ಕದ ಬಳ್ಳಾರಿಯಲ್ಲಿ. 1810ರಲ್ಲಿ ಅಲ್ಲಿಗೆ ಬಂದ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ವರ್ಷಗಟ್ಟಲೆ ಕೂತು ಮಾಡಿದ್ದು. ನಾವು ಇವತ್ತು ಪದಕ್ಕೆ ಪದ ಎಳೆದಾಡೋದು ಆ ಜಗಲಿಯಲ್ಲೇ ಶುರುವಾಗಿರಬೇಕು ಅಂತ ನನಗೆ ಅನ್ನಿಸುತ್ತದೆ.

ಬೇರೆ ಧರ್ಮದವರು ಬಂದರೆ ಅವರನ್ನು ಮತಕ್ಕೆ ಎಳೆಯೋ ಮಾತು ಬೇಡ, ಅವರು ಕೇಳೋ ಪ್ರಶ್ನೆಯೇ ಸಭೆಯ ಉಪ್ಪು. ಕೊನೆಗೆ ವಗ್ಗರಣಿ, ಮಿರ್ಚಿ ಇದ್ದರೆ ಮುಂದಿನ ವಾರ ಯಾರನ್ನೂ ಕರೆಯೋಕೆ ಹೋಗಬೇಕಾಗಿಲ್ಲ. ನೋಟ್‌ಬುಕ್ ಮಾತ್ರ ನೀವು ಬರೀಬೇಡಿ, ಸರದಿ ಪ್ರಕಾರ ಬೇರೆಯವರಿಗೆ ಕೊಡಿ. ಅಕ್ಷರ ಚಂದ ಇಲ್ಲದಿದ್ದರೂ ನಡೆಯುತ್ತದೆ.

ಕಡೆಯ ಸಂಜೆಗೆ ಗಿದ್ಯೋನನನ್ನು ಇಟ್ಟುಕೊಳ್ಳಿ, ನ್ಯಾಯಸ್ಥಾಪಕರು 6 ಮತ್ತು 7. ಅವನು ದಾಳಿ ಮಾಡ್ತಿದ್ದ ಮಿದ್ಯಾನರಿಗೆ ಅಂಜಿ ಕಣ ಬಿಟ್ಟು ದ್ರಾಕ್ಷಿ ತೊಟ್ಟಿಯೊಳಗೆ ಕದ್ದು ಗೋಧಿ ಬಡಿಯುತ್ತಿದ್ದ ಮನುಷ್ಯ. ಮುಂದೆ ಸೈನ್ಯ ಕೂಡಿಸಿದಾಗ, ಅಂಜುವವರು ಮನೆಗೆ ಹೋಗಿ ಅಂದರೆ 22,000 ಜನ ಹೋಗೇಬಿಟ್ಟರು, 10,000 ಉಳಿದರು, ಕೊನೆಗೆ 300. ಅದೆಲ್ಲ ಆಮೇಲಿನ ಮಾತು. ಅದಕ್ಕೂ ಮೊದಲು ಅವನಿಗೆ ಸಿಕ್ಕ ಕೆಲಸ ಅಪ್ಪನ ಮನೆಯ ಬಲಿಪೀಠ ಕೆಡವೋದು, ಬಾಳ ಅನ್ನೋ ಕಾನಾನ್ಯರ ದೇವರದು. ಮನೆಯವರಿಗೂ ಊರವರಿಗೂ ಅಂಜಿ ಹಗಲು ಮಾಡೋಕೆ ಧೈರ್ಯ ಸಾಲದೆ, ಹತ್ತು ಆಳುಗಳನ್ನು ಕರ್ಕೊಂಡು ಹೋಗಿ ರಾತ್ರಿ ಕೆಡವಿದ. ಅವತ್ತು ನೋಟ್‌ಬುಕ್ ಸರದಿ ಟ್ರಾಕ್ಟರ್ ಹುಡುಗನದು. ಎಡಗಡೆ ‘ಮನೆಯವರಿಗೆ, ಊರವರಿಗೆ’ ಅಂತ ಬರೆದ. ಬಲಗಡೆ ಪೆನ್ನು ಇಟ್ಟು ಸ್ವಲ್ಪ ಹೊತ್ತು ಯೋಚನೆ ಮಾಡಿದ, ಆಮೇಲೆ ದಪ್ಪ ಅಕ್ಷರದಲ್ಲಿ ಬರೆದ: ‘ದೇವರ ಮಾತು ಕೇಳಿದ. ಆದ್ರೆ ರಾತ್ರಿ.’